ಮೇಲೇರಿದ ಜಠರ

ನಮ್ಮ ಮನೆಗೆ ಬಂದ ಅಲ್ಸೇಷಿಯನ್ ಮರಿಗೆ ಆಗ ಎರಡು ತಿಂಗಳು ತುಂಬಿರಲಿಲ್ಲ. ತಿಂದುದನ್ನು ಆಗಾಗ ಹೊರಗೆ ಹಾಕುತ್ತಿತ್ತು. ‘ಎಳೆಯ ಮರಿ, ಆತುರದಿಂದ ತಿಂದು ವಾಂತಿ ಮಾಡುತ್ತದೆ’ ಎಂದು ನಾನೇ ಮನೆಯವರಿಗೆ ಸಮಾಧಾನ ಹೇಳಿದೆ. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವ ಚಪಲ ಅಧ್ಯಾಪಕರಿಗೆ ತುಸು ಹೆಚ್ಚೆಂದು ಕಾಣುತ್ತದೆ.

ಅದು ವಾಂತಿಯಾಗಿರಲಿಲ್ಲ. ವಾಂತಿಯಲ್ಲಿ ಹೊಟ್ಟೆ ಹಿಂಡುತ್ತದೆ, ಪ್ರಾಣಿ ಓಕರಿಸುತ್ತದೆ. ನಮ್ಮ ಮರಿಯಾದರೋ ತಲೆ ತಗ್ಗಿಸಿದರೆ ಸಾಕು, ತಿಂದ ಅನ್ನ ತಿಂದಂತೆಯೇ ಜಾರಿ ಬೀಳುತ್ತಿತ್ತು. ಅನ್ನನಾಳ ಸಡಿಲಗೊಂಡು ಹಿಗ್ಗಿರುವುದರ ಗುರುತು ಅದು. ನಾನು ಕಂಡದ್ದು ಒಂದು, ಹೆಸರಿಟ್ಟದ್ದು ಇನ್ನೊಂದು.

ಒಂದು ರಾತ್ರಿ ಅದು ಇದ್ದಕ್ಕಿದ್ದಂತೆ ಕುಸಿಯಿತು. ಬಾಯಲ್ಲಿ ಜೊಲ್ಲು, ಏದುಸಿರು. ಹೊಟ್ಟೆ ಮುಟ್ಟಿದರೆ ನರಳಾಟ. ಪಶುವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೊಟ್ಟೆಯಲ್ಲಿ ಜಠರದ ಗಾಳಿಯ ನೆರಳು ಕಾಣಬೇಕಾದೆಡೆ ಏನೂ ಇಲ್ಲ. ಎದೆಯೊಳಗೆ, ಹೃದಯದ ಹಿಂದೆ, ಇರಬಾರದ ಗಡ್ಡೆಯಂಥ ನೆರಳು. ಚೀಲದ ತಳ ಮಗುಚಿ ಅದರ ಬಾಯಿಂದಲೇ ಹೊರಬರುವಂತೆ, ಜಠರ ಮಡಿಚಿಕೊಂಡು ಅನ್ನನಾಳವನ್ನು ಹೊಕ್ಕಿತ್ತು. ಕೆಲವೊಮ್ಮೆ ಗುಲ್ಮವೂ ಜೊತೆಗೆ ಎಳೆದುಹೋಗುವುದುಂಟಂತೆ. ಹೊಕ್ಕ ಭಾಗದ ರಕ್ತಸಂಚಾರ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಉಸಿರಾಡಲು ಎಡೆ ಸಾಲದು. ವಿರಳವಾದ ಈ ವ್ಯಾಧಿ ಹೆಚ್ಚಾಗಿ ಮೂರು ತಿಂಗಳೊಳಗಿನ ಮರಿಗಳಲ್ಲಿ, ಅದರಲ್ಲೂ ಈ ತಳಿಯಲ್ಲಿ ಕಾಣುತ್ತದೆ. ಸತ್ತ ಮೇಲೆ ಕೊಯ್ದು ನೋಡಿದಾಗಲೇ ಕಾರಣ ತಿಳಿದ ಮರಿಗಳು ಎಷ್ಟೋ.

ರಕ್ತನಾಳಕ್ಕೆ ಲವಣದ್ರವ, ಮೂಗಿಗೆ ಆಮ್ಲಜನಕ ಕೊಟ್ಟು ಮೊದಲು ಜೀವ ಹಿಡಿದು ನಿಲ್ಲಿಸಿದರು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿದಾಗ ದಾರಿಯ ತುಂಬ ಜಠರದ ಒಳಪದರದ ಮಡಿಕೆಗಳು. ಕೆಲವು ಸಲ ಅದರಿಂದಲೇ ಜಠರವನ್ನು ಕೆಳಕ್ಕೆ ತಳ್ಳಬಹುದು. ನಮ್ಮದಕ್ಕೆ ಅದು ಫಲಿಸಲಿಲ್ಲ. ಉದರವನ್ನು ತೆರೆದು, ಜಠರವನ್ನು ಮೆಲ್ಲನೆ ಕೆಳಗೆಳೆದು, ಮತ್ತೆ ಮೇಲೇರದಂತೆ ಹೊಟ್ಟೆಯ ಗೋಡೆಗೆ ಸೇರಿಸಿ ಹೊಲಿದರು.

ಮರಿ ಉಳಿಯಿತು. ಆದರೆ ಅನ್ನನಾಳದ ಸಡಿಲು ಶಸ್ತ್ರಕ್ರಿಯೆಯಿಂದ ಹೋಗುವಂಥದ್ದಲ್ಲ. ಆಹಾರ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಕಾದಿರುತ್ತದೆ. ಆದ್ದರಿಂದ ಮೆತ್ತನೆಯ ಅನ್ನವನ್ನು ಸ್ವಲ್ಪಸ್ವಲ್ಪವಾಗಿ, ಅದನ್ನು ಹಿಂಗಾಲ ಮೇಲೆ ನಿಲ್ಲಿಸಿ ಉಣಿಸಬೇಕು. ಉಂಡ ಮೇಲೂ ಕಾಲು ಗಂಟೆ ನೆಟ್ಟಗೆ ಹಿಡಿದಿರಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಅದನ್ನು ಎದೆಗೊರಗಿಸಿಕೊಂಡು ಜಗಲಿಯಲ್ಲಿ ಕೂರುತ್ತೇನೆ. ನಾನು ಬಿಚ್ಚಿದ ಪತ್ರಿಕೆಯ ಅಂಚನ್ನು ಅದು ಹರಿಯುತ್ತದೆ.