ಕರಡಿಗಳು ಜೇನು ಕದಿಯೋಕೆ ಹೊರಟಾಗ

ಶನಿವಾರ ರಾತ್ರಿ ವಿಜಯನಗರದ ನಮ್ಮ ಮನೇಲಿ ನಾನು ಟೋಪಿ ಹಾಕಿದ ಕರಡಿಯಾಗಿದ್ದೆ, ವಿಡಿಯೊ ಕಾಲ್‌ನಲ್ಲಿ! ಗ್ರಾಂಟ್ ಹೌವಿಟ್ 2017ರಲ್ಲಿ ಬರೆದ ‘ಹನಿ ಹೈಸ್ಟ್’ ಅನ್ನೋ ಆಟ. ನಿಯಮ ಒಂದೇ ಪುಟ, ಕಥೆ ಒಂದೇ ರಾತ್ರಿಗೆ ಮುಗಿಯುತ್ತೆ. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಜೇನು ಕದಿಯೋ ಕರಡಿಗಳು. ಎಲ್ಲರಿಗೂ ಕರಡಿತನ 3, ಕಳ್ಳತನ 3. ಲೂಡೊ ದಾಳ ಸಾಕು. ಅಷ್ಟರೊಳಗೆ ಬಿದ್ದರೆ ಕೆಲಸ ಆಯ್ತು. ಪ್ಲಾನ್ ಕೈಕೊಟ್ಟರೆ ಕಳ್ಳತನದ ಒಂದು ಅಂಕ ಕರಡಿತನಕ್ಕೆ. ಅದು 6 ಆದ್ರೆ ನೀವು ಪೂರ್ತಿ ಕಾಡುಪ್ರಾಣಿ. ಮೈಕ್ ಮಾತ್ರ ಮ್ಯೂಟ್ ಮಾಡ್ಬೇಡಿ, ನಗು ಕೇಳದಿದ್ರೆ ಜೋಕ್ ಸಾಯುತ್ತೆ.

ಕೆಂಗೇರಿಯ ಗೆಳೆಯ ಕೆಲಸ ಹೋದಮೇಲೆ ಮೂರು ತಿಂಗಳು ಗ್ರೂಪಲ್ಲಿ ಮಾತೇ ಆಡಿರಲಿಲ್ಲ. ಅವನ ಕರಡಿ ವಾಚ್‌ಮನ್‌ಗೆ “ಅಣ್ಣಾ, ಪಾರ್ಸೆಲ್” ಅಂತು. ದಾಳ 6. ಸಿಕ್ಕಿಬಿದ್ದ. ಮೊದಲು ನಕ್ಕಿದ್ದು ಅವನೇ. ರಾತ್ರಿ ಮೆಸೇಜ್ ಬಂತು: “ಮುಂದಿನ ಶನಿವಾರಾನೂ ಇದೆಯೇನೋ?”