ಅಳಿವೆಯ ಕಾವಲುಗಾರ: ಸುಲ್ತಾನ್ ಬತ್ತೇರಿ

ಇಚಿಲಂಪಾಡಿಯ ಬದಿಯಲ್ಲಿ ಹರಿಯುವ ಗುಂಡ್ಯ ಹೊಳೆಯು ಕುಮಾರಧಾರೆಯನ್ನು ಕೂಡುತ್ತದೆ. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಘಟ್ಟದ ಆ ನೀರು ಕಡಲಿಗೆ ಇಳಿಯುವುದು ಮಂಗಳೂರಿನ ಅಳಿವೆಯಲ್ಲಿ. ಬಡಗಿನಿಂದ ಗುರುಪುರ ಹೊಳೆಯೂ ಅಲ್ಲಿಗೇ ಬರುತ್ತದೆ. ಅದರ ದಡದ ಬೋಳೂರಿನಲ್ಲಿದೆ ಸುಲ್ತಾನ್ ಬತ್ತೇರಿ.

ಚಿತ್ರದುರ್ಗದ ಏಳು ಸುತ್ತುಗಳನ್ನು ನೆನೆದು ಬಂದವರಿಗೆ ಇದು ಕೋಟೆಯ ಒಂದು ಬುರುಜಿನಂತೆ ಕಂಡೀತು. ಆ ಎಣಿಕೆ ತಪ್ಪಲ್ಲ. ಇಂಗ್ಲಿಷಿನ 'ಬ್ಯಾಟರಿ' ಎಂಬ ಮಾತೇ ಜನರ ಬಾಯಲ್ಲಿ 'ಬತ್ತೇರಿ' ಆಗಿದೆ. ಅದರ ಅರ್ಥ ಫಿರಂಗಿಗಳ ನೆಲೆ ಎಂದು. ಅರಮನೆ, ಪೇಟೆಗಳನ್ನು ಒಳಗೊಳ್ಳುವುದು ಇದರ ಉದ್ದೇಶವಲ್ಲ. ಹೊಳೆಗೆ ನುಗ್ಗುವ ಯುದ್ಧನೌಕೆಯನ್ನು ತಡೆಯುವುದೊಂದೇ ಕೆಲಸ. ಮೆಟ್ಟಿಲೇರಿದರೆ ಗೋಡೆಯಲ್ಲಿ ಫಿರಂಗಿಯ ಕಂಡಿಗಳಿವೆ. ಕೆಳಗೆ ಮದ್ದಿನ ಉಗ್ರಾಣವಿದೆ. ಕಂಡಿಗಳೆಲ್ಲಿ ನೀರಿನತ್ತ ತೆರೆದಿವೆಯೆಂಬುದನ್ನು ಗಮನಿಸಿದರೆ ಕಟ್ಟಿದವರ ಭಯ ಎತ್ತಲಿಂದ ಬಂದುದೆಂಬುದು ತಿಳಿಯುತ್ತದೆ.

ಆ ಭಯಕ್ಕೆ ಕಾರಣವಿತ್ತು. 1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದು ಕೆಲವೇ ತಿಂಗಳಲ್ಲಿ ಕಳೆದುಕೊಂಡರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನ ನೌಕಾಪಡೆಯು ಇದೇ ರೇವಿನಲ್ಲಿ ಹೈದರನ ಹಡಗುಗಳನ್ನು ನಾಶಮಾಡಿತು. 1783ರಲ್ಲಿ ಊರು ಮತ್ತೆ ಅವರ ವಶವಾಯಿತು. ಟಿಪ್ಪು ಎಂಟು ತಿಂಗಳು ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಅದನ್ನು ಮರಳಿ ಪಡೆದನು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬತ್ತೇರಿ ಕಟ್ಟಿದುದು ಅದೇ ವರ್ಷ.

ಆದರೆ ವಿಧಿಯ ದಾರಿ ಬೇರೆ. 1799ರ ಮೇ 4ರಂದು ಟಿಪ್ಪುವಿನ ರಾಜ್ಯವು ಬಿದ್ದುದು ಕಡಲಿಗೆ ಬಹುದೂರದ ಶ್ರೀರಂಗಪಟ್ಟಣದಲ್ಲಿ. ಕರಾವಳಿ ಕುಂಪಣಿಯ ಪಾಲಾಯಿತು. ಮುಂದೆ ಆ ಕುಂಪಣಿಯನ್ನು ಮಂಗಳೂರಿನಲ್ಲಿ ನಡುಗಿಸಿದವರೂ ಹಡಗಿನಲ್ಲಿ ಬಂದವರಲ್ಲ. 1837ರ ಏಪ್ರಿಲಿನಲ್ಲಿ ಸುಳ್ಯ, ಪುತ್ತೂರು ಸೀಮೆಯ ರೈತರು ಕಾಲ್ನಡಿಗೆಯಲ್ಲಿ ಇಳಿದು ಬಂದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನೇರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಕುಂಪಣಿಯ ಪಡೆ ದಂಗೆಯನ್ನು ಅಡಗಿಸಿ ನಾಯಕರಲ್ಲಿ ಕೆಲವರನ್ನು ಗಲ್ಲಿಗೇರಿಸಿತು.

ಮಂಗಳೂರಿಗೆ ಹೋದವರು ಒಂದು ಸಂಜೆಯನ್ನು ಈ ಬತ್ತೇರಿಗೆ ಮೀಸಲಿಡಬಹುದು. ಎದುರಿಗೆ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳ ದಂಡೆ, ಅದಕ್ಕೂ ಆಚೆ ಕಡಲು. ಮಕ್ಕಳಿಗೆ ಕಂಡಿಗಳನ್ನು ತೋರಿಸುವಾಗ ಬೆನ್ನ ಹಿಂದಿನ ನೆಲವನ್ನೂ ಒಮ್ಮೆ ತೋರಿಸಬೇಕು. ಕಡಲನ್ನು ಕಾಯಲು ಕಲ್ಲು ಸಾಕಾದೀತು. ನೆಲವನ್ನು ಕಾಯಲು ಜನರ ಮನಸ್ಸೇ ಬೇಕು.