ಬಚ್ಚಲುಮನೆಯ ದುರ್ಗಂಧ

ಮನೆಯ ಮುಂಭಾಗದಲ್ಲಿ ಊದುಬತ್ತಿ ಹಚ್ಚಿ, ಹಿಂಭಾಗದಿಂದ ಬರುವ ಮೋರಿಯ ನಾತವನ್ನು ಮರೆಮಾಡುವ ಪದ್ಧತಿ ನಮ್ಮ ಪಟ್ಟಣಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಫಿನಾಯಿಲನ್ನು ಸುರಿಯುತ್ತೇವೆ, ಸುವಾಸನೆಯ ಬಿಲ್ಲೆಗಳನ್ನು ತೂಗುಹಾಕುತ್ತೇವೆ, ನೆಂಟರು ಬರುವ ದಿನ ಕಿಟಕಿಗಳನ್ನೆಲ್ಲ ತೆರೆದಿಡುತ್ತೇವೆ. ಎರಡು ದಿನ ಕಳೆಯುವಷ್ಟರಲ್ಲಿ ನಾತ ಹಿಂದಿರುಗುತ್ತದೆ. ಹಿಂದಿರುಗಲೇಬೇಕು, ಏಕೆಂದರೆ ಅದು ಎಲ್ಲಿಂದ ಬಂದಿತೆಂಬುದನ್ನು ನಾವು ವಿಚಾರಿಸಲೇ ಇಲ್ಲ. ಆ ವಿಚಾರಣೆಯನ್ನು ನಡೆಸತಕ್ಕ ಕ್ರಮವನ್ನು ಈ ಭಾಷಣದಲ್ಲಿ ಹೇಳಬೇಕೆಂದಿದ್ದೇವೆ. ವಿಷಯವು ರಮ್ಯವಾದುದಲ್ಲ, ಶ್ರೋತೃಗಳಲ್ಲಿ ಕೆಲವರು ಊಟಕ್ಕೆ ಕುಳಿತಿದ್ದರೆ ಅವರ ಕ್ಷಮೆಯನ್ನು ಮೊದಲೇ ಬೇಡುತ್ತೇವೆ.

ನಮ್ಮ ಹಳೆಯ ಮನೆಗಳಲ್ಲಿ ಈ ತೊಂದರೆ ಇರಲಿಲ್ಲವೆಂದು ಹಿರಿಯರು ಹೇಳುವುದುಂಟು. ಅದು ನಿಜವೇ. ಹಂಡೆಯ ಒಲೆಯಿದ್ದ ಬಚ್ಚಲಿನ ನೀರು ಗೋಡೆಯ ಕಂಡಿಯಿಂದ ಹೊರಬಿದ್ದು, ಬಾಳೆಯ ಬುಡಕ್ಕೋ ತೆರೆದ ಮೋರಿಗೋ ಹರಿದುಹೋಗುತ್ತಿತ್ತು. ಕಕ್ಕಸು ಹಿತ್ತಿಲಿನ ಕೊನೆಯಲ್ಲಿರುತ್ತಿತ್ತು. ದುರ್ಗಂಧವಿರಲಿಲ್ಲವೆಂದಲ್ಲ, ಅದನ್ನು ತಲೆಯ ಮೇಲೆ ಹೊತ್ತು ಸಾಗಿಸುವವರು ಬೇರೆ ಇದ್ದರು, ಅಷ್ಟೆ. ನೆಲದೊಳಗಿನ ಕೊಳವೆಗಳು ಬಂದ ಮೇಲೆ ಕಕ್ಕಸು ಮನೆಯೊಳಕ್ಕೆ ಬಂತು, ಮಲಗುವ ಕೋಣೆಗೆ ಅಂಟಿಕೊಂಡಿತು. ಅಂದರೆ ಬೀದಿಯ ಚರಂಡಿಯನ್ನೇ ಕೊಳವೆಯ ಮೂಲಕ ಹಾಸಿಗೆಯ ಬಳಿಗೆ ಎಳೆದು ತಂದಂತಾಯಿತು. ಇಬ್ಬರ ನಡುವೆ ಈಗ ಕಾವಲಿರುವುದು ಎರಡು ಅಂಗುಲದಷ್ಟು ನೀರು ಮಾತ್ರ.

ಈ ನೀರಿನ ಕಾವಲನ್ನು ಯೋಚಿಸಿ ಮಾಡಿದವನು ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕೆಲಸಗಾರ. 1775ರಲ್ಲಿ ಲಂಡನ್ನಿನಲ್ಲಿ ಅವನು ಪಡೆದ ಪೇಟೆಂಟಿನಲ್ಲಿ ಕಕ್ಕಸಿನ ಕೆಳಗಣ ಕೊಳವೆ ಹಾವಿನಂತೆ ಬಳುಕಿದೆ. ನೀರು ಹರಿದುಹೋದ ತರುವಾಯವೂ ಆ ಬಾಗಿನಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಕೊಳಚೆ ಕೆಳಗಿಳಿಯಬಹುದು, ಕೆಳಗಿನ ಗಾಳಿ ಮೇಲಕ್ಕೆ ಬರಲಾರದು. ಬಾಗಿಲೂ ಇಲ್ಲ, ಚಿಲಕವೂ ಇಲ್ಲ, ತುಕ್ಕು ಹಿಡಿಯುವ ತಿರುಗಣಿಯೂ ಇಲ್ಲ. ಇಷ್ಟು ಸರಳವಾದ ಉಪಾಯವು ಇಷ್ಟು ಕಾಲ ಬಾಳಿದುದು ಅಪರೂಪ. ನಮ್ಮ ಕೊಳಾಯಿ ಕೆಲಸದವರು ಇದನ್ನು ಟ್ರ್ಯಾಪು ಎನ್ನುತ್ತಾರೆ. ಬಚ್ಚಲಿನ ನೆಲದಲ್ಲಿರುವುದಕ್ಕೆ ನಹಾನಿ ಟ್ರ್ಯಾಪು ಎಂದು ಹೆಸರು. ಬಚ್ಚಲುಮನೆಯಲ್ಲಿ ಚರಂಡಿಯ ನಾತವಿದೆಯೆಂದರೆ ಎಲ್ಲಿಯೋ ಈ ನೀರು ಆರಿಹೋಗಿದೆ, ಅಥವಾ ಗಾಳಿಯು ಅದನ್ನು ಬಳಸಿಕೊಂಡು ಬೇರೆ ದಾರಿ ಮಾಡಿಕೊಂಡಿದೆ. ವಿಚಾರಣೆಯೆಲ್ಲ ಈ ಎರಡು ಮಾತಿನೊಳಗೆ ಅಡಗಿದೆ.

ನಾತದಿಂದ ಅಪಾಯವುಂಟೆ? ಹತ್ತೊಂಬತ್ತನೆಯ ಶತಮಾನದ ವೈದ್ಯರು ಕೆಟ್ಟ ಗಾಳಿಯೇ ರೋಗವೆಂದು ನಂಬಿದ್ದರು. 1858ರ ಬೇಸಗೆಯಲ್ಲಿ ಥೇಮ್ಸ್ ನದಿ ನಾರಿ, ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಆ ಹೆದರಿಕೆಯಿಂದಲೇ ಲಂಡನ್ನಿನ ದೊಡ್ಡ ಚರಂಡಿಗಳು ಹುಟ್ಟಿದುವು. ಕಾಲರಾ ಗಾಳಿಯಿಂದಲ್ಲ, ನೀರಿನಿಂದ ಹರಡುತ್ತದೆಂದು ಜಾನ್ ಸ್ನೋ ಎಂಬ ವೈದ್ಯನು 1854ರಲ್ಲಿಯೇ ಒಂದು ಬೀದಿಯ ಪಂಪನ್ನು ತೋರಿಸಿ ವಾದಿಸಿದ್ದನು. ಅವನೇ ಗೆದ್ದನು. ಅಂದಿನಿಂದ ನಾತವು ಬರಿಯ ಅಸಹ್ಯವೇ ಹೊರತು ರೋಗವಲ್ಲವೆಂದು ಓದಿದವರು ನೆಮ್ಮದಿಯಾಗಿದ್ದರು. ಆದರೆ 2003ರಲ್ಲಿ ಹಾಂಗ್‌ಕಾಂಗಿನ ಆಮಾಯ್ ಗಾರ್ಡನ್ಸ್ ಎಂಬ ಗಗನಚುಂಬಿ ವಸತಿಗಳಲ್ಲಿ ಸಾರ್ಸ್ ರೋಗವು 300ಕ್ಕೂ ಹೆಚ್ಚು ಜನರಿಗೆ ತಗಲಿತು. 42 ಮಂದಿ ತೀರಿಕೊಂಡರು. ಅಲ್ಲಿಯ ತನಿಖೆಯು ಬೆರಳಿಟ್ಟು ತೋರಿಸಿದ ಜಾಗಗಳಲ್ಲಿ ಒಂದು ಬಚ್ಚಲಿನ ನೆಲದ ಟ್ರ್ಯಾಪು. ಜನರು ನೆಲವನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದರು, ನೀರು ಹೊಯ್ದು ತೊಳೆಯುತ್ತಿರಲಿಲ್ಲ, ಟ್ರ್ಯಾಪುಗಳು ಒಣಗಿದ್ದುವು. ಗಾಳಿ ಹೊರದೂಡುವ ಫ್ಯಾನು ತಿರುಗಿದಾಗ ಕೊಳವೆಯೊಳಗಿನ ಹನಿಗಳು ಒಣಗಿದ ಬಾಯಿಂದ ಕೋಣೆಗೆ ಸೆಳೆದುಬಂದುವು. ಒಂದು ಚೊಂಬು ನೀರು ಇದ್ದಿದ್ದರೆ ಆ ದಾರಿ ಮುಚ್ಚಿರುತ್ತಿತ್ತು.

ಇನ್ನು ವಿಚಾರಣೆಗೆ ಬರೋಣ. ಮೊದಲು ನೀರೇ ನಾರುತ್ತಿದೆಯೋ, ಕಂಡಿ ನಾರುತ್ತಿದೆಯೋ ಎಂದು ನಿರ್ಣಯಿಸಬೇಕು. ನಲ್ಲಿಯ ನೀರನ್ನು ಒಂದು ಲೋಟದಲ್ಲಿ ಹಿಡಿದು, ಬಚ್ಚಲಿನಿಂದ ದೂರದ ಕೋಣೆಗೆ ಒಯ್ದು ಮೂಸಿ ನೋಡಿ. ಅಲ್ಲಿಯೂ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಚರಂಡಿ ನಿರಪರಾಧಿ. ಬಿಸಿನೀರಿಗೆ ಮಾತ್ರ ಆ ವಾಸನೆಯಿದ್ದರೆ ಗೀಸರನ್ನು ಹಿಡಿಯಬೇಕು: ಕೊಳವೆಬಾವಿಯ ನೀರಿನಲ್ಲಿರುವ ಸಲ್ಫೇಟನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು, ತೊಟ್ಟಿಯೊಳಗಿನ ಮೆಗ್ನೀಸಿಯಮ್ ಸರಳಿನ ನೆರವಿನಿಂದ ಹೈಡ್ರೋಜನ್ ಸಲ್ಫೈಡನ್ನು ಹುಟ್ಟಿಸುತ್ತವೆ. ನೀರು ನಿರ್ದೋಷಿಯಾದರೆ ರಾತ್ರಿ ಬಾಗಿಲು ಕಿಟಕಿಗಳನ್ನು ಮುಚ್ಚಿಟ್ಟು, ಬೆಳಿಗ್ಗೆ ಕಾಫಿಗೆ ಮೊದಲೇ ಒಳಹೊಕ್ಕು ನೋಡತಕ್ಕದ್ದು. ಅನಂತರ ಒಂದೊಂದು ಕಂಡಿಯನ್ನು ಒಂದೊಂದು ದಿನ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚುತ್ತ ಬರಬೇಕು. ಯಾವುದನ್ನು ಮುಚ್ಚಿದ ದಿನ ನಾತ ನಿಂತಿತೋ ಅದೇ ಅಪರಾಧಿ. ಎಲ್ಲವನ್ನೂ ಒಂದೇ ದಿನ ಮುಚ್ಚುವ ಅವಸರದವರಿಗೆ ನಾತ ತಪ್ಪುತ್ತದೆಯೇ ಹೊರತು ಜ್ಞಾನ ದೊರೆಯುವುದಿಲ್ಲ.

ಹತ್ತರಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ನೆಲದ ಟ್ರ್ಯಾಪೇ. ಅತಿಥಿಗಳಿಗೆಂದು ಕಟ್ಟಿಸಿ ಬೀಗ ಹಾಕಿದ ಬಚ್ಚಲು, ಬೇಸಗೆಯ ರಜದಲ್ಲಿ ಪೂರಾ ಮುಚ್ಚಿದ ಮನೆ, ಇಂಥ ಕಡೆ ನೀರು ಆವಿಯಾಗಿ ಕೆಲವು ವಾರಗಳಲ್ಲಿ ಕಾವಲು ಮಾಯವಾಗುತ್ತದೆ. ಒಂದೆರಡು ಚೊಂಬು ನೀರು ಹೊಯ್ದರೆ ಸಾಕು. ಬಹಳ ದಿನ ಮನೆ ಬಿಡುವವರು ನೀರಿನ ಮೇಲೆ ಒಂದು ಚಮಚ ಅಡಿಗೆ ಎಣ್ಣೆಯನ್ನು ತೇಲಬಿಟ್ಟರೆ ಆವಿಯಾಗುವುದು ತಡವಾಗುತ್ತದೆ. ಇನ್ನೊಂದು ಕಾರಣ ಆವಿಗಿಂತ ಸಾಮಾನ್ಯವಾದುದು. ಕೆಲವು ಟ್ರ್ಯಾಪುಗಳಲ್ಲಿ ಜಾಲರಿಯ ಕೆಳಗೆ ಎತ್ತಿ ತೆಗೆಯಬಹುದಾದ ಒಂದು ಬಟ್ಟಲಿರುತ್ತದೆ. ಅದರಲ್ಲಿ ಕೂದಲು ಸಿಕ್ಕಿ ನೀರು ನಿಧಾನವಾದಾಗ, ತೊಳೆಯಲು ಬಂದವರು ಬಟ್ಟಲನ್ನು ತೆಗೆದು ಮೂಲೆಗಿಡುತ್ತಾರೆ. ನೀರು ಸೊಗಸಾಗಿ ಹರಿಯುತ್ತದೆ, ಮನೆಯವರು ಮೆಚ್ಚುತ್ತಾರೆ. ಕಾವಲುಗಾರನನ್ನೇ ಕೆಲಸದಿಂದ ತೆಗೆದುಹಾಕಿದ್ದು ಯಾರಿಗೂ ತಿಳಿಯುವುದಿಲ್ಲ. ಕೂದಲಿನದೂ ಒಂದು ಕುಚೋದ್ಯವುಂಟು: ಬಾಗಿನ ಅಂಚಿನ ಮೇಲೆ ಜೋತುಬಿದ್ದ ಕೂದಲ ಎಳೆಗಳು ದೀಪದ ಬತ್ತಿ ಎಣ್ಣೆಯನ್ನೇರಿಸುವಂತೆ ನೀರನ್ನು ಹೀರಿ ಆಚೆಗೆ ಇಳಿಸಿಬಿಡುತ್ತವೆ.

ಕೈತೊಳೆಯುವ ಬೇಸಿನ್ನಿನ ಕೆಳಗೆ ಬಗ್ಗಿ ನೋಡುವುದು ಎರಡನೆಯ ಕೆಲಸ. ಬಳುಕುವ ಪ್ಲಾಸ್ಟಿಕ್ ಕೊಳವೆಯೊಂದನ್ನು ನೇರವಾಗಿ ಗೋಡೆಯ ಅಥವಾ ನೆಲದ ತೂತಿಗೆ ಚುಚ್ಚಿಟ್ಟು, ಸುತ್ತಲಿನ ಸಂದನ್ನು ಹಾಗೆಯೇ ಬಿಟ್ಟಿರುವುದನ್ನು ಹೊಸ ಮನೆಗಳಲ್ಲಿಯೂ ಕಾಣುತ್ತೇವೆ. ಆ ಸಂದು ಚರಂಡಿಯ ಕಿಟಕಿ. ಬಟ್ಟೆ ಒಗೆಯುವ ಯಂತ್ರದ ಕೊಳವೆಗೂ ಇದೇ ಮಾತು. ಕೂರುವ ಕಕ್ಕಸಿನ ಬುಡದ ಸಿಮೆಂಟು ಬಿರಿದಿದ್ದರೆ, ಪೀಠ ಅಲುಗಿದರೆ, ನೀರು ಬಿಟ್ಟಾಗ ಬುಡದಲ್ಲಿ ತೇವ ಮೂಡಿದರೆ ಗಾಳಿ ಅಲ್ಲಿಂದ ನುಸುಳುತ್ತಿದೆಯೆಂದು ತಿಳಿಯಬೇಕು.

ಮೇಲಂತಸ್ತಿನವರು ನೀರು ಬಿಟ್ಟೊಡನೆ ನಮ್ಮ ಬಚ್ಚಲು ಗುಡುಗುಡು ಎಂದರೆ ವಿಷಯ ಬೇರೆ. ಕೊಳವೆಯಲ್ಲಿ ತುಂಬಿ ಬೀಳುವ ನೀರು ತನ್ನ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಗಾಳಿ ಬೇರೆಡೆಯಿಂದ ಸಿಗದಿದ್ದರೆ ನಮ್ಮ ಟ್ರ್ಯಾಪಿನ ನೀರನ್ನೇ ಹೀರಿಬಿಡುತ್ತದೆ. ಗಾಳಿ ಸಿಗಲೆಂದೇ ಕೊಳವೆಯೊಂದನ್ನು ಮಾಳಿಗೆಗಿಂತ ಎತ್ತರಕ್ಕೆ ಏರಿಸಿರುತ್ತಾರೆ. ಅದರ ಬಾಯಲ್ಲಿ ಹಕ್ಕಿ ಗೂಡು ಕಟ್ಟಿತೋ, ಕೋಣೆ ಕಟ್ಟಿಸುವಾಗ ಮೇಸ್ತ್ರಿ ಅಡ್ಡವಾಯಿತೆಂದು ಕತ್ತರಿಸಿ ಮುಚ್ಚಿದನೋ, ಮೇಲೆ ಹತ್ತಿ ನೋಡಿಸಬೇಕು.

ಇಷ್ಟರಿಂದಲೂ ಪತ್ತೆಯಾಗದಿದ್ದರೆ ವಿಕ್ಟೋರಿಯ ರಾಣಿಯ ಕಾಲದ ಆರೋಗ್ಯಾಧಿಕಾರಿಗಳ ಒಂದು ಸೊಗಸಾದ ಪರೀಕ್ಷೆಯುಂಟು. ಮಾಳಿಗೆಯ ಮೇಲಿನ ಕೊಳವೆಯ ಬಾಯಿಗೆ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಹೊಯ್ದು, ಹಿಂದೆಯೇ ಬಿಸಿನೀರು ಸುರಿದು, ಬಾಯನ್ನು ಮುಚ್ಚುತ್ತಿದ್ದರು. ಕೆಳಗೆ ಬಾಗಿಲು ಹಾಕಿಕೊಂಡು ನಿಂತ ಇನ್ನೊಬ್ಬನು ಆ ಪರಿಮಳ ಯಾವ ಗೋಡೆಯಿಂದ ಹೊಮ್ಮುವುದೆಂದು ಮೂಸಿ ಹುಡುಕುತ್ತಿದ್ದನು. ಎಣ್ಣೆ ಮುಟ್ಟಿದವನು ಪರೀಕ್ಷೆ ಮುಗಿಯುವವರೆಗೆ ಮನೆಯೊಳಕ್ಕೆ ಕಾಲಿಡಕೂಡದು; ಅವನ ಕೈಯೇ ಸುಳ್ಳುಸಾಕ್ಷಿ ಹೇಳುತ್ತದೆ. ಗೋಡೆಯೊಳಗೆ ಒಡೆದ ಕೊಳವೆಯನ್ನು, ಗೋಡೆ ಅಗೆಯದೆ ತೋರಿಸಿಕೊಡುವ ಈ ಉಪಾಯವನ್ನು ಇಂದು ಮಾಡಿದರೂ ನಡೆಯುತ್ತದೆ.

ಒಂದು ಎಚ್ಚರಿಕೆ ಉಳಿದಿದೆ. ಹೈಡ್ರೋಜನ್ ಸಲ್ಫೈಡಿನ ವಾಸನೆ ಅತ್ಯಲ್ಪ ಪ್ರಮಾಣದಲ್ಲಿಯೇ ಮೂಗಿಗೆ ತಿಳಿಯುತ್ತದೆ. ಬಚ್ಚಲಿನಲ್ಲಿ ನಮ್ಮನ್ನು ಕಾಡುವುದು ಆ ಅಲ್ಪವೇ. ಆದರೆ ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲಿನಷ್ಟಾದಾಗ ಕೆಲವೇ ನಿಮಿಷಗಳಲ್ಲಿ ಮೂಗು ಕುರುಡಾಗುತ್ತದೆ. ನಾತ ನಿಂತಿತೆಂದು ತೋರುತ್ತದೆ, ವಿಷ ಏರುತ್ತಿರುತ್ತದೆ. ಮುಚ್ಚಿದ ಮ್ಯಾನ್‌ಹೋಲಿನಲ್ಲಿ, ಮಲದ ಗುಂಡಿಯಲ್ಲಿ ಇಳಿದವನು ಕೂಗುವ ಮುನ್ನವೇ ಕುಸಿಯುವುದು ಹೀಗೆ. ಎತ್ತಲೆಂದು ಹಿಂದೆಯೇ ಇಳಿದವನೂ ಕುಸಿಯುತ್ತಾನೆ. 2013ರ ಕಾಯಿದೆಯು ರಕ್ಷಣೆಯ ಸಲಕರಣೆಗಳಿಲ್ಲದೆ ಯಾರನ್ನೂ ಚರಂಡಿ ಅಥವಾ ಮಲದ ಗುಂಡಿಯನ್ನು ಶುಚಿಮಾಡಲು ಇಳಿಸಕೂಡದೆಂದು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿದೆ. ಸಾವುಗಳು ನಿಂತಿಲ್ಲ. ಓದುಬರಹ ಬಲ್ಲ ಮನೆಯ ಯಜಮಾನನೇ ಅಂಗಳದ ಗುಂಡಿಯ ಮುಚ್ಚಳ ತೆಗೆಸಿ, ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಇಳಿಯಪ್ಪಾ ಎನ್ನುವುದನ್ನು ನಾವು ಕೇಳಿದ್ದೇವೆ. ನಾತದ ಜಾಡು ಆ ಮುಚ್ಚಳದವರೆಗೆ ಹೋಗಿ ನಿಂತರೆ ನಮ್ಮ ಹುಡುಕಾಟವೂ ಅಲ್ಲಿಯೇ ನಿಲ್ಲತಕ್ಕದ್ದು. ಹೀರುವ ಯಂತ್ರದ ಗಾಡಿಗೆ ಹೇಳಿಕಳುಹಿಸಬೇಕು. ಅದು ಬರುವವರೆಗೆ ಬಚ್ಚಲಿನ ಕಂಡಿಯ ಮೇಲೆ ಒದ್ದೆಗೋಣಿಯನ್ನು ಮಡಿಸಿ ಹಾಕಿ, ನಾಲ್ಕು ದಿನ ಸಹಿಸಿಕೊಂಡಿದ್ದರಾಯಿತು.